ಮನೇಲೇ ಮಾಡಿದ ಕಾಂಬೋಡಿಯಾ ನುಮ್ ಪಾಂಗ್: ನನ್ನ ಅನುಭವ

ನುಮ್ ಪಾಂಗ್ ಅಂದ್ರೆ ಉದ್ದ ಬ್ರೆಡ್ಡಲ್ಲಿ ಮಾಂಸ, ಹುಳಿಸಿಹಿ ಪಪ್ಪಾಯಿ ತುಂಬಿದ ಕಾಂಬೋಡಿಯಾದ ಸ್ಯಾಂಡ್‌ವಿಚ್. ಅದನ್ನ ಮಾಡ್ಬೇಕು ಅಂತಿರೋರು ಮೊದ್ಲು ಹೋಗಿ ಒಂದು ಒಳ್ಳೆ ಪಪ್ಪಾಯಿ ಕಾಯಿ ತನ್ನಿ, ಚಿಕನ್ ಗಿಕನ್ ಎಲ್ಲಾ ಆಮೇಲೆ ನೋಡ್ಕೊಳೋಣ. ಅಲ್ಲಿನ ರಾಜಧಾನಿ ಫ್ನಾಮ್ ಪೆನ್‌ನಲ್ಲಿ ಗಾರ್ಮೆಂಟ್ಸ್ ಕೆಲಸದ ಮೇಲೆ ಇದ್ದಾಗ ನಾನು ಇದನ್ನ ಎಷ್ಟೋ ಗಾಡಿಗಳಲ್ಲಿ ತಿಂದಿದೀನಿ, ಈಗ ಬೆಂಗಳೂರಲ್ಲಿ ಮನೇಲಿ ಮಾಡ್ತೀನಿ, ಎರಡೂ ಕಡೆ ನನಗೆ ಗೊತ್ತಾಗಿದ್ದು ಒಂದೇ: ಮಾಂಸ ಸ್ವಲ್ಪ ಹಿಂದೆ ಮುಂದೆ ಆದ್ರೂ ನಡಿಯತ್ತೆ, ಹುಳಿಸಿಹಿ ಪಪ್ಪಾಯಿ ಇಲ್ದೆ ಹೋದ್ರೆ ಅದು ಬರೀ ಚಿಕನ್ ಸ್ಯಾಂಡ್‌ವಿಚ್.

ಅಲ್ಲಿ ಸಿಗೋದ್ರಲ್ಲಿ ಬೇರೆ ಬೇರೆ ತರ ಇದೆ. ಒಂದು ಪಾತೇ (pâté) ಹಾಕಿದ್ದು, ಅಂದ್ರೆ ಲಿವರ್ ಅರೆದು ಮಾಡಿದ ಮುದ್ದೆ ಸವರಿ ಅದರ ಮೇಲೆ ತಣ್ಣಗಿರೋ ಪೋರ್ಕ್ ತುಂಡು, ಸೌತೆಕಾಯಿ, ಕೊತ್ತಂಬರಿ. ಟೊಮೇಟೊ ಸಾಸ್‌ನಲ್ಲಿರೋ ಡಬ್ಬಿ ಮೀನು ಹಾಕಿದ್ದೂ ಸಿಗತ್ತೆ. ನನಗೆ ಜೀವ ಅಂದ್ರೆ ಸಂಜೆ ಹೊತ್ತು ಇದ್ದಿಲ ಮೇಲೆ ಸಣ್ಣ ಸಣ್ಣ ಕಡ್ಡಿಗೆ ಚುಚ್ಚಿ ಸುಡೋ ಮಾಂಸದ್ದು, ಸಾಚ್ ಕೋ ಆಂಗ್ ಅಂತಾರೆ, ಅಲ್ಲಿ ಅದು ಬೀಫ್, ಜೊತೆಗೆ ಅದೇ ಕೆಂಡದ ಪಕ್ಕದಲ್ಲಿ ಬಿಸಿ ಮಾಡಿದ ಬ್ರೆಡ್ಡು ಮತ್ತೆ ಒಂದು ಪುಟ್ಟ ಕವರ್‌ನಲ್ಲಿ ಪಪ್ಪಾಯಿ. ವಿಯೆಟ್ನಾಂ ಸ್ಯಾಂಡ್‌ವಿಚ್ ಬಾನ್ ಮಿ ತಿಂದಿರೋರಿಗೆ ಇದು ಅದರ ಒಡಹುಟ್ಟು ಅಂತ ತಕ್ಷಣ ಗೊತ್ತಾಗತ್ತೆ, ಎರಡು ದೇಶಕ್ಕೂ ಆ ಉದ್ದ ಬ್ರೆಡ್ಡು ಬಂದಿದ್ದು ಫ್ರೆಂಚರಿಂದ. ಕಾಂಬೋಡಿಯಾ 1863ರಿಂದ 1953ರವರೆಗೆ ಅವರ ಕೈಯಲ್ಲಿತ್ತು. ಆಮೇಲೆ 1975ರ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಪಡೆಯವರು ಬಂದು ಇಡೀ ಫ್ನಾಮ್ ಪೆನ್ ಜನಾನ ಹಳ್ಳಿಗಳಿಗೆ ಓಡಿಸಿದ್ರು, ದುಡ್ಡು ಸಂತೆ ಎಲ್ಲಾ ರದ್ದು ಮಾಡಿದ್ರು, ಅಂಥಾ ಊರಲ್ಲಿ ಇವತ್ತು ಮೂಲೆಮೂಲೆಗೂ ಬ್ರೆಡ್ ಗಾಡಿ ಇದೆ ಅನ್ನೋದು ನನಗೆ ತುಂಬಾ ದೊಡ್ಡ ವಿಷಯ.

ಸರಿ, ಪಪ್ಪಾಯಿ. ಹೊರಗೆ ಪೂರ್ತಿ ಹಸಿರಿರಬೇಕು, ಉಗುರಲ್ಲಿ ಗೀರಿದ್ರೆ ಹಾಲು ಬರಬೇಕು, ಕತ್ತರಿಸಿದ್ರೆ ಒಳಗೆ ಬೀಜ ಬೆಳ್ಳಗಿರಬೇಕು, ಸ್ವಲ್ಪ ಹಳದಿ ತಿರುಗಿದ್ರೂ ಬೇಡ, ಮೆತ್ತಗಾಗಿ ಹೋಗತ್ತೆ. ಕೈಗೆ ಎಣ್ಣೆ ಸವರ್ಕೊಂಡು ಸಿಪ್ಪೆ ತೆಗೀರಿ, ಆ ಹಾಲು ಕೆಲವರ ಚರ್ಮಕ್ಕೆ ಆಗಲ್ಲ. ನಾಲ್ಕು ಸ್ಯಾಂಡ್‌ವಿಚ್‌ಗೆ 400 ಗ್ರಾಂ ಪಪ್ಪಾಯಿ, ಒಂದು ಕ್ಯಾರೆಟ್, ಎರಡನ್ನೂ ಉದ್ದುದ್ದ ತುರಿದು ಒಂದು ಚಮಚ ಉಪ್ಪು ಹಾಕಿ ಕೈಯಲ್ಲಿ ತಿಕ್ಕಿ 20 ನಿಮಿಷ ಬಿಟ್ರೆ ನೀರು ಬಿಡತ್ತೆ, ಅದನ್ನ ಜೋರಾಗಿ ಹಿಂಡಬೇಕು, ನೀರು ಉಳಿದ್ರೆ ಕೊನೆಗೆ ಬ್ರೆಡ್ಡು ನೆನೆದು ಹೋಗತ್ತೆ. ಅರ್ಧ ಕಪ್ ವಿನೆಗರ್, ಅರ್ಧ ಕಪ್ ನೀರು, ಕಾಲು ಕಪ್ ಸಕ್ಕರೆ, ಚಿಟಿಕೆ ಉಪ್ಪು, ಸಕ್ಕರೆ ಕರಗೋಷ್ಟು ಬಿಸಿ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಪಪ್ಪಾಯಿ ಮೇಲೆ ಸುರೀರಿ. ಗಾಜಿನ ಬಾಟಲಲ್ಲಿ ಫ್ರಿಜ್‌ನಲ್ಲಿ ರಾತ್ರಿ ಇಟ್ರೆ ಬೆಳಿಗ್ಗೆ ಕಚ್ಚಿದಾಗ ಕರುಂ ಅನ್ನಬೇಕು.

ಇನ್ನು ಮಾಂಸಕ್ಕೆ ಹಚ್ಚೋ ಮಸಾಲೆ, ಅದಕ್ಕೆ ಕ್ರೋಂಗ್ ಅಂತಾರೆ, ಖ್ಮೇರ್, ಅಂದ್ರೆ ಕಾಂಬೋಡಿಯಾ ಅಡುಗೆ ಎಲ್ಲಾ ಇದರ ಮೇಲೇ ನಿಂತಿರೋದು. ಮಜ್ಜಿಗೆ ಹುಲ್ಲು ನಮ್ಮಲ್ಲಿ ಟೀಗೆ ಅಂತ ಎಲೆ ಕಿತ್ಕೊತೀವಿ, ಇಲ್ಲಿ ಬೇಕಾಗಿರೋದು ಬುಡದ ಬೆಳ್ಳಗಿರೋ ಭಾಗ, ಮೂರು ಕಡ್ಡಿಯ ಬುಡ ಸಾಕು. ಅದನ್ನ ಎಷ್ಟು ತೆಳ್ಳಗಾಗತ್ತೋ ಅಷ್ಟು ತೆಳ್ಳಗೆ ಅಡ್ಡಡ್ಡ ಹೆಚ್ಚಬೇಕು, ಇಲ್ದಿದ್ರೆ ನಾರು ಹಲ್ಲಿಗೆ ಸಿಗತ್ತೆ. ಜೊತೆಗೆ ಒಂದಿಂಚು ಗಲಂಗಲ್ (ಶುಂಠಿ ಜಾತಿಯ ಒಂದು ಗೆಡ್ಡೆ), ಒಂದಿಂಚು ಹಸಿ ಅರಿಶಿನ, ಆರು ಎಸಳು ಬೆಳ್ಳುಳ್ಳಿ, ನಾಲ್ಕು ಸಾಂಬಾರ್ ಈರುಳ್ಳಿ, ನಡುವಿನ ನರ ತೆಗೆದ ಕಾಫಿರ್ ಲೈಮ್ ಎಲೆ ಮೂರು. ಗಲಂಗಲ್ ಸಿಗ್ಲಿಲ್ಲ ಅಂದ್ರೆ ಶುಂಠಿ ಹಾಕ್ಬೋದು, ಆದ್ರೆ ಅರ್ಧ ಹಾಕಿ, ಶುಂಠಿ ಘಾಟು ಬೇರೆ ತರ, ಎಲ್ಲಾನೂ ಮುಚ್ಚಿ ಹಾಕತ್ತೆ. ಮಿಕ್ಸಿಗೆ ಹಾಕ್ಬೇಡಿ ಅಂತ ನನ್ನ ಮನವಿ, ಯಾಕಂದ್ರೆ ಮಿಕ್ಸಿ ತಿರುಗೋಕೆ ನೀರು ಕೇಳತ್ತೆ, ನೀರು ಬಿದ್ರೆ ಮಸಾಲೆ ಮಾಂಸಕ್ಕೆ ಅಂಟಲ್ಲ, ಕೆಂಡದ ಮೇಲೆ ಸುಡೋ ಬದಲು ಬೇಯತ್ತೆ. ಕುಟ್ಟಾಣಿಲಿ ಮೊದ್ಲು ಮಜ್ಜಿಗೆ ಹುಲ್ಲು ಮತ್ತೆ ಎಲೆ, ಅದು ನುಣ್ಣಗಾದ ಮೇಲೆ ಉಳಿದಿದ್ದು, ಹೀಗೆ ಕುಟ್ಟಿ. ಖಾರ ಇಲ್ವಲ್ಲ ಅಂತ ಅನ್ಸತ್ತೆ ನಮ್ಮವರಿಗೆ, ಇರ್ಲಿ ಬಿಡಿ, ಮೆಣಸಿನಕಾಯಿ ಕೊನೇಲಿ ಬರತ್ತೆ.

ನಾನು ಬಳಸೋದು ಚಿಕನ್ ಲೆಗ್ ಬೋನ್‌ಲೆಸ್, ಅರ್ಧ ಕೆಜಿ. ಬ್ರೆಸ್ಟ್ ಬೇಡ, ಒಣಗತ್ತೆ. ಉದ್ದಕ್ಕೆ ತೆಳ್ಳಗೆ ಕೊಯ್ದು ಕ್ರೋಂಗ್, ಒಂದು ದೊಡ್ಡ ಚಮಚ ಫಿಶ್ ಸಾಸ್, ಎರಡು ಸಣ್ಣ ಚಮಚ ತಾಳೆ ಬೆಲ್ಲ, ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಕಲಸಿ ಫ್ರಿಜ್‌ನಲ್ಲಿ ನಾಲ್ಕು ಗಂಟೆ ಇಡ್ತೀನಿ. ತಾಳೆ ಬೆಲ್ಲ ಹುಡುಕಿ ತನ್ನಿ, ಕಾಂಬೋಡಿಯಾದ ಕಾಂಪೋಂಗ್ ಸ್ಪೂ ಪ್ರಾಂತ್ಯದ ತಾಳೆ ಬೆಲ್ಲಕ್ಕೆ ಅವರು ಜಿಐ ಟ್ಯಾಗೇ (ಆ ಊರಿನ ಹೆಸರಿಗೆ ಕಾನೂನು ರಕ್ಷಣೆ) ತಗೊಂಡಿದಾರೆ, ಅದರ ಹೊಗೆ ವಾಸನೆ ಸಕ್ಕರೇಲಿ ಬರಲ್ಲ. ತಮಿಳುನಾಡಿಂದ ಬರೋ ಕರುಪಟ್ಟಿನೂ ತಾಳೆದೇ, ಅದೇ ನಾನು ಹಾಕೋದು.

ಬ್ರೆಡ್ಡು ವಿಷಯಕ್ಕೆ ಬಂದ್ರೆ, ಮೇಲೆ ತೆಳ್ಳಗಿನ ಗರಿಗರಿ ಪೊರೆ, ಒಳಗೆ ಹತ್ತಿ ತರ ಹಗುರ, ಇದು ಬೇಕು. ಅಯ್ಯಂಗಾರ್ ಬೇಕರಿ ಬನ್ನು ನನಗೆ ಬಹಳ ಇಷ್ಟ ಆದ್ರೆ ಇದಕ್ಕೆ ಸಿಹಿ ಜಾಸ್ತಿ, ಮೆತ್ತಗೂ ಹೌದು. ದೊಡ್ಡ ಬೇಕರಿಗಳ ಗಟ್ಟಿ ಬಗೆಟ್ ಆದ್ರೆ ಅಗಿದು ಅಗಿದು ದವಡೆ ನೋವು. ಅದಕ್ಕೇ ಮನೇಲೇ ಮಾಡ್ತೀನಿ: 400 ಗ್ರಾಂ ಮೈದಾ, 260 ಎಂಎಲ್ ನೀರು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 8 ಗ್ರಾಂ ಉಪ್ಪು, ಒಂದು ಚಮಚ ಸಕ್ಕರೆ, ಒಂದು ಚಮಚ ಎಣ್ಣೆ. ಚೆನ್ನಾಗಿ ನಾದಿ, ಎರಡರಷ್ಟು ಉಬ್ಬಿದ ಮೇಲೆ ನಾಲ್ಕು ಉದ್ದ ರೋಲ್ ಮಾಡಿ ಮತ್ತೆ ಉಬ್ಬೋಕೆ ಬಿಟ್ಟು, ಬ್ಲೇಡಲ್ಲಿ ಮೇಲೆ ಒಂದು ಗೀರು ಹಾಕಿ 220 ಡಿಗ್ರಿ ಓವನ್‌ಗೆ. ಕೆಳಗಿನ ಟ್ರೇನಲ್ಲಿ ಕುದಿಯೋ ನೀರು ಇಡಿ, ಮೊದಲ 10 ನಿಮಿಷ ಆ ಹಬೆ ಇರಬೇಕು, ಆಮೇಲೆ ನೀರು ತೆಗೆದು ಇನ್ನೊಂದು 10 ನಿಮಿಷ. ಪೊರೆ ತೆಳ್ಳಗೆ ಬರೋದು ಆ ಹಬೆಯಿಂದಾನೇ.

ಸುಡೋಕೆ ಟೆರೇಸ್ ಮೇಲೆ ಇದ್ದಿಲ ಒಲೆ ಇದ್ರೆ ಅದಕ್ಕಿಂತ ಒಳ್ಳೇದಿಲ್ಲ. ನೀರಲ್ಲಿ ನೆನೆಸಿದ ಬಿದಿರು ಕಡ್ಡಿಗೆ ಚುಚ್ಚಿ, ಉರಿ ಪೂರ್ತಿ ಇಳಿದು ಕೆಂಡದ ಮೇಲೆ ಬೂದಿ ಕೂತ ಮೇಲೆ ಇಡಿ, ಬೆಲ್ಲ ಇರೋದ್ರಿಂದ ಉರಿ ಇದ್ರೆ ಸೀದು ಹೋಗತ್ತೆ. ತಿರುಗಿಸುವಾಗ ಮಜ್ಜಿಗೆ ಹುಲ್ಲಿನ ಬುಡ ಜಜ್ಜಿ ಬ್ರಶ್ ತರ ಮಾಡ್ಕೊಂಡು ಗಟ್ಟಿ ತೆಂಗಿನ ಹಾಲು ಸವರ್ತಾ ಇರಿ. ಕೆಂಡ ಇಲ್ಲಾಂದ್ರೆ ಕಬ್ಬಿಣದ ಕಾವಲಿನೂ ಆಗತ್ತೆ.

ಬ್ರೆಡ್ ಸೀಳಿ ಬೆಣ್ಣೆ ಸವರಿ ಒಳಭಾಗ ಕೆಳಗೆ ಮಾಡಿ ಕೆಂಡಕ್ಕೆ ತೋರಿಸಿ, ಮೇಯೋನೀಸ್ ಬೇಕಾದ್ರೆ ಸ್ವಲ್ಪ, ಆಮೇಲೆ ಚಿಕನ್, ಉದ್ದ ಹೆಚ್ಚಿದ ಸೌತೆಕಾಯಿ, ಹಿಂಡಿದ ಪಪ್ಪಾಯಿ ಧಾರಾಳವಾಗಿ, ಕೊತ್ತಂಬರಿ ದಂಟಿನ ಸಮೇತ, ಹಸಿಮೆಣಸಿನಕಾಯಿ ಚೂರು. ನಾನು ಮೇಲೆ ಒಂದು ಹನಿ ನಿಂಬೆರಸ, ಉಪ್ಪು, ಕುಟ್ಟಿದ ಕರಿಮೆಣಸು ಕಲಸಿ ಹಾಕ್ತೀನಿ, ಅವರು ಅದನ್ನ ಸುಟ್ಟ ಮಾಂಸ, ಮೀನಿಗೆ ಅದ್ದಿ ತಿಂತಾರೆ. ಅದಕ್ಕೆ ಕಾಂಪೋಟ್ ಪ್ರಾಂತ್ಯದ ಕರಿಮೆಣಸು, ಕಾಂಪೋಟ್ ಮೆಣಸು ಅಂತ ಅವರದ್ದು, 2016ರಲ್ಲಿ ಯುರೋಪಿಯನ್ ಯೂನಿಯನ್ ಕೂಡ ಆ ಹೆಸರಿಗೆ ರಕ್ಷಣೆ ಕೊಡ್ತು, ಅಷ್ಟು ಪರಿಮಳ. ನಮ್ಮ ಮಲೆನಾಡಿನ ಹೊಸ ಮೆಣಸು ಅದರ ಜಾಗದಲ್ಲಿ ಧೈರ್ಯವಾಗಿ ನಿಲ್ಲತ್ತೆ.

ಮಾಂಸ ತಿನ್ನದ ನಮ್ಮತ್ತೆಗೆ ಇದೇ ಕ್ರೋಂಗ್‌ನಲ್ಲಿ ಆಯ್ಸ್ಟರ್ ಮಶ್ರೂಮ್ ಹರಿದು ಹಾಕಿ, ಫಿಶ್ ಸಾಸ್ ಬದಲು ಸೋಯಾ ಸಾಸ್ ಹಾಕಿ ಬೇರೆ ಕಾವಲೀಲಿ ಮಾಡ್ಕೊಡ್ತೀನಿ, ಅವರು ಈಗ ಕೇಳಿ ಮಾಡಿಸ್ಕೊತಾರೆ. ಆಫೀಸ್ ಡಬ್ಬಿಗೆ ತಗೊಂಡು ಹೋಗೋದಾದ್ರೆ ಪಪ್ಪಾಯಿ ಬೇರೆ ಡಬ್ಬೀಲಿ ಇಡಿ, ತಿನ್ನೋ ಹೊತ್ತಿಗೆ ತುಂಬ್ಕೊಳ್ಳಿ. ಉಳಿದ ಪಪ್ಪಾಯಿ ಫ್ರಿಜ್‌ನಲ್ಲಿ ಒಂದು ವಾರ ಚೆನ್ನಾಗಿರತ್ತೆ, ಬಿಸಿ ಅನ್ನ, ಆಮ್ಲೆಟ್ ಜೊತೆಗೂ ಹೊಂದತ್ತೆ.