ಹೌಸಾ ಹೆಸರು ಕೇಳಿದರೆ ಮೊದಲು ವಾರ ನೋಡಿ

ನನ್ನ ಹೆಸರು ತಿಪ್ಪಣ್ಣ. ಹುಟ್ಟಿದ್ದು ಆಳಂದದ ಹತ್ತಿರದ ಹಳ್ಳಿಯಲ್ಲಿ, ಈಗ ಇರೋದು ಕಲಬುರಗಿಯಲ್ಲಿ. 1981ರಲ್ಲಿ ಗಣಿತದ ಮಾಸ್ತರನಾಗಿ ನೈಜೀರಿಯಾದ ಕಾನೋ ಊರಿಗೆ ಹೋಗಿ ಐದು ವರ್ಷ ಇದ್ದೆ. ಮೊನ್ನೆ ಮೊಮ್ಮಗಳು ಬೆಂಗಳೂರಿಂದ ಫೋನ್ ಮಾಡಿ, "ಮುತ್ಯಾ, ನಮ್ಮ ಆಫೀಸಿಗೆ ಡನ್‌ಲಾದಿ ಅಂತ ಒಬ್ರು ಬಂದಾರ. ಹಂಗಂದ್ರೇನು?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ವಾರ ನೋಡಿ. ಕಾನೋ ಕಡೆಯ ಹೌಸಾ ಜನರಲ್ಲಿ ಹುಟ್ಟಿದ ವಾರವೇ ಎಷ್ಟೋ ಸಲ ಹೆಸರಾಗುತ್ತದೆ. ಆ ವಾರಗಳ ಹೆಸರು ಅರಬ್ಬಿಯಿಂದ ಬಂದವು. ಜುಮ್ಮಾ ಅಂದರೆ ಶುಕ್ರವಾರ ಅಂತ ಕಲಬುರಗಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಶುಕ್ರವಾರ ಹುಟ್ಟಿದ ಹುಡುಗಿ ಜುಮ್ಮೈ, ಹುಡುಗ ಡನ್‌ಜುಮಾ. ಡನ್ ಅಂದರೆ ಮಗ. ನಮ್ಮ ಐತವಾರ ಅವರಿಗೆ ಲಹದಿ. ಆ ದಿನದ ಹುಡುಗಿ ಲಾದಿ, ಹುಡುಗ ಡನ್‌ಲಾದಿ. ಗುರುವಾರವಾದರೆ ಲಾಮಿ, ಡನ್‌ಲಾಮಿ. ಮಂಗಳವಾರದ ಹುಡುಗಿ ತಲಾತು, ಶನಿವಾರದವಳು ಅಸಾಬೆ. ಬುಧವಾರದ ಹುಡುಗ ಬಲರಾಬೆ.

ವಾರ ಹೊಂದಲಿಲ್ಲ ಅಂದರೆ ಎಷ್ಟನೆಯ ಮಗು ಅಂತ ಕೇಳಿ. ಅವಳಿ ಗಂಡುಮಕ್ಕಳು ಹಸನ್, ಹುಸೇನಿ. ಅವಳಿಗಳ ಬೆನ್ನಿಗೆ ಹುಟ್ಟಿದ್ದು ಗಂಬೋ. ಸಾಲಾಗಿ ಗಂಡುಮಕ್ಕಳಾದ ಮೇಲೆ ಬಂದ ಹುಡುಗಿ ಕಂದೆ, ಹೆಣ್ಣುಮಕ್ಕಳ ಮೇಲೆ ಬಂದ ಹುಡುಗ ತಂಕೋ. ಕೊನೆಯ ಮಗು ಔತಾ. ಮಳೆ ಬರುವಾಗ ಹುಟ್ಟಿದರೆ ಅನರುವಾ, ಉಪವಾಸದ ತಿಂಗಳಲ್ಲಾದರೆ ಅಜೂಮಿ.

ಇನ್ನೊಂದು ಬಗೆ ಇದೆ. ಅಲ್ಲಿ ಸ್ವಲ್ಪ ಜಾಸ್ತಿ ಜೋಪಾನ ಬೇಕು. ನಾನು ಹೋದ ಮೊದಲ ವಾರ ಹಾಜರಿ ಕೂಗುವಾಗ ಅಜೂಜಿ ಅನ್ನುವ ಹೆಸರು ಬಂತು. ತೆಳ್ಳನೆಯ ಹುಡುಗ, ಕಿಟಕಿ ಪಕ್ಕ ಎದ್ದು ನಿಂತ. ಆಮೇಲೆ ಜೊತೆಯ ಮಾಸ್ತರರೊಬ್ಬರನ್ನು ಕೇಳಿದೆ. "ಜೂಜಿ ಅಂದರೆ ಕಸದ ಗುಡ್ಡೆ. ಇವನಿಗಿಂತ ಮೊದಲಿನ ಮಕ್ಕಳು ಉಳಿದಿರಲಿಲ್ಲ" ಅಂದರು. ನನಗೆ ಅಷ್ಟೇ ಸಾಕಾಯ್ತು. ನನಗಿಂತ ಮೊದಲು ಹುಟ್ಟಿದ ಇಬ್ಬರು ಅಣ್ಣಂದಿರು ತೊಟ್ಟಿಲಲ್ಲೇ ಹೋಗಿದ್ದರು. ನಾನು ಹುಟ್ಟಿದಾಗ ಅವ್ವ ನನ್ನನ್ನು ಮೊರದಲ್ಲಿ ಹಾಕಿಕೊಂಡು ಹೋಗಿ ತಿಪ್ಪೆಯ ಮೇಲೆ ಇಟ್ಟು, ತಿರುಗಿ ನೋಡದೆ ಬಂದಳಂತೆ. ಓಣಿಯ ಮುದುಕಿಯೊಬ್ಬಳು ಎತ್ತಿಕೊಂಡು ಬಂದು, ಒಂದು ಸೇರು ಜೋಳಕ್ಕೆ ಅವ್ವನಿಗೇ ಮಾರಿದಳಂತೆ. ಯಾರಿಗೂ ಬೇಡವಾದ ಕೂಸು ಅಂತ ಸಾವೂ ಬಿಟ್ಟು ಹೋಗಲಿ ಅಂತ. ಹಾಗೆ ನಾನು ತಿಪ್ಪಣ್ಣ, ಅವನು ಅಜೂಜಿ. ಬರಾವು ಅನ್ನುವ ಹೆಸರೂ ಇದೇ ಜಾತಿಯದು. ಬಿಟ್ಟುಬಿಟ್ಟದ್ದು, ಉಳಿದುಕೊಂಡದ್ದು ಅಂತ ಅರ್ಥ. ಇಂಥ ಹೆಸರಿನವರು ಸಿಕ್ಕರೆ ನಾಲ್ಕು ಜನರ ಮುಂದೆ ಅರ್ಥ ಬಿಡಿಸಬೇಡಿ. ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ. ಅದರ ಹಿಂದೆ ಒಬ್ಬ ತಾಯಿಯ ಅಳು ಇರುತ್ತದೆ.

ಮುಸ್ಲಿಂ ಹೆಸರುಗಳು ಬಾಯಿಂದ ಬಾಯಿಗೆ ಸವೆದಿರುತ್ತವೆ. ನಮ್ಮಲ್ಲಿ ಮೆಹಬೂಬ ಮಾಬು ಆದ ಹಾಗೆ ಅಲ್ಲಿ ಅಬ್ದುಲ್ಲಾಹಿ ಔದು ಆಗುತ್ತಾನೆ, ಮರಿಯಂ ಮೈರೋ ಆಗುತ್ತಾಳೆ. ಆದರೆ ಅಬೂಬಕರ್‌ಗೆ ಗರ್ಬಾ, ಫಾತಿಮಾಗೆ ಬಿಂತಾ ಅನ್ನುವುದನ್ನು ಕೇಳಿ ಊಹಿಸಲಾಗದು, ನೆನಪಿಟ್ಟುಕೊಳ್ಳಬೇಕು ಅಷ್ಟೇ.

ಕೊನೆಯ ಪದ ಮನೆತನದ ಹೆಸರು ಅಂದುಕೊಳ್ಳಬೇಡಿ. ಅದು ಅಪ್ಪನ ಹೆಸರೋ ಊರಿನ ಹೆಸರೋ ಆಗಿರಬಹುದು. ನಾನು ಹೋದಾಗ ದೇಶದ ಅಧ್ಯಕ್ಷರಾಗಿದ್ದ ಶೇಹು ಶಗಾರಿ ಅವರ ಹುಟ್ಟೂರೇ ಶಗಾರಿ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಪ್ರಧಾನಿಯಾಗಿದ್ದವರು ಅಬೂಬಕರ್ ತಫಾವಾ ಬಲೇವಾ. ತಫಾವಾ ಬಲೇವಾ ಅನ್ನುವುದೂ ಒಂದು ಊರೇ. ನಮ್ಮ ಕಡೆ ಸೇಡಂಕರ್, ಆಳಂದಕರ್ ಅನ್ನುವುದಿಲ್ಲವಾ, ಹಾಗೆ.

ಇನ್ನೊಂದು ಮಾತು. ಚೊಚ್ಚಲ ಮಗುವಿನ ಹೆಸರನ್ನು ತಾಯಿಯ ಬಾಯಿಂದ ಹೇಳಿಸಲು ಹೋಗಬೇಡಿ. ಹಳೆಯ ಪದ್ಧತಿಯಲ್ಲಿ ತಾಯಿ ಆ ಮಗುವನ್ನು ಹೆಸರು ಹಿಡಿದು ಕರೆಯುವುದಿಲ್ಲ. ಈ ಸಂಕೋಚಕ್ಕೆ ಕುನ್ಯಾ ಅನ್ನುತ್ತಾರೆ. ಒಬ್ಬ ತಾಯಿ ಶಾಲೆಗೆ ಬಂದಾಗ ಗೊತ್ತಿಲ್ಲದೆ ಮಗನ ಹೆಸರು ಕೇಳಿದ್ದೆ. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ಅವ್ವ ಅಪ್ಪನ ಹೆಸರನ್ನು ಒಡಪು ಹಾಕದೆ ಒಂದು ದಿನವೂ ಹೇಳಿದವಳಲ್ಲ, ಆ ಮುಖ ನನಗೆ ಗೊತ್ತಿತ್ತು. ಆಕೆಯ ಪಕ್ಕ ನಿಂತಿದ್ದ ಚಿಕ್ಕ ಮಗನನ್ನು ಕೇಳಿದೆ. ಅಣ್ಣನ ಹೆಸರನ್ನು ಅವನೇ ಜೋರಾಗಿ ಹೇಳಿದ.