ಸ್ಲೋ-ಪಿಚ್ ಲೀಗಿಗೆ ಸೇರುವ ಮೊದಲು: ಆಂಟೇರಿಯೋಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಚಳಿ ಇಳಿಯುತ್ತಿದ್ದಂತೆ ಆಂಟೇರಿಯೋದ ಆಫೀಸುಗಳಲ್ಲಿ ಒಂದು ಮೇಲ್ ಓಡಾಡುತ್ತದೆ. ಬೇಸಿಗೆಯ ಸ್ಲೋ-ಪಿಚ್ ಸಾಫ್ಟ್‌ಬಾಲ್ ಟೀಮಿಗೆ ಇನ್ನೂ ಇಬ್ಬರು ಮೂವರು ಬೇಕು, ಯಾರು ಬರ್ತೀರಿ ಅಂತ. ಬೇಸ್‌ಬಾಲ್ ತರಹದ್ದೇ ಆಟ, ಆದರೆ ಚೆಂಡನ್ನು ನಿಧಾನವಾಗಿ ಎಸೆಯುತ್ತಾರೆ. ಹೊಸದಾಗಿ ಬಂದ ನಮ್ಮವರು ಹೆಚ್ಚಾಗಿ ಅದನ್ನು ಓದಿ ಸುಮ್ಮನಾಗುತ್ತಾರೆ. ಬೇಸ್‌ಬಾಲ್ ನಮಗೆ ಗೊತ್ತಿಲ್ಲ, ಹೋಗಿ ಏನು ಮಾಡೋದು ಎಂಬ ಹಿಂಜರಿಕೆ. ದಯವಿಟ್ಟು ಹೋಗಿ. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ವಾರಕ್ಕೊಂದು ಸಂಜೆ ಹತ್ತು ಹನ್ನೆರಡು ಜನರ ಜೊತೆ ಮೈದಾನದಲ್ಲಿ ನಿಲ್ಲುತ್ತೀರಿ. ಈ ಊರಿನಲ್ಲಿ ಜನರ ಪರಿಚಯವಾಗಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಮೊದಲು ಆಟಗಾರನಾಗಿ, ಆಮೇಲೆ ಕ್ಯಾಪ್ಟನ್ ಆಗಿ, ಈಗ ಲೀಗ್ ನಡೆಸುವ ಸಮಿತಿಯಲ್ಲಿ ಇದ್ದುಕೊಂಡು ಹೇಳುತ್ತಿದ್ದೇನೆ. ಲೀಗಿನ ನಿಯಮಗಳ ಹಾಳೆ ಕೈಗೆ ಬಂದಾಗ ಗಾಬರಿಯಾಗಬೇಡಿ. ಅದರಲ್ಲಿ ಇರುವ ಮುಕ್ಕಾಲು ಪಾಲು ನಿಯಮಗಳಿಗೆ ಕಾರಣ ಒಂದೇ. ಆಡಿದ ಎಲ್ಲರೂ ಮರುದಿನ ಬೆಳಿಗ್ಗೆ ಕೈಕಾಲು ನೆಟ್ಟಗಿಟ್ಟುಕೊಂಡು ಕೆಲಸಕ್ಕೆ ಹೋಗಬೇಕು, ಮುಂದಿನ ವಾರ ಮತ್ತೆ ಆಡೋಕೆ ಬರಬೇಕು. ಈ ಕಾರಣ ಹಿಡಿದುಕೊಂಡು ಓದಿದರೆ ನಿಯಮಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.

ಆಟದ ಅಳತೆ

ಫೀಲ್ಡಿಂಗಿಗೆ ಹತ್ತು ಜನ. ಬೇಸ್‌ಬಾಲ್‌ನ ಒಂಬತ್ತರ ಮೇಲೆ ಔಟ್‌ಫೀಲ್ಡಿನಲ್ಲಿ ಒಬ್ಬರು ಜಾಸ್ತಿ. ಮೂರು ಔಟ್ ಆದರೆ ಬ್ಯಾಟಿಂಗ್ ಸರದಿ ಬದಲು. ಒಟ್ಟು 7 ಇನ್ನಿಂಗ್ಸ್. ಹೊಡೆದವರು ಮೂರು ಬೇಸುಗಳನ್ನು ಸುತ್ತಿ ಹೋಮ್ ಪ್ಲೇಟಿಗೆ, ಅಂದರೆ ಬ್ಯಾಟ್ ಮಾಡುವ ಜಾಗಕ್ಕೆ, ವಾಪಸ್ ಬಂದರೆ ಒಂದು ರನ್. ಒಂದು ಬೇಸಿನಿಂದ ಇನ್ನೊಂದಕ್ಕೆ 65 ಅಥವಾ 70 ಅಡಿ, ಲೀಗಿನ ಮೇಲೆ ಹೋಗುತ್ತದೆ. ಚೆಂಡು ಎಸೆಯುವ ಪಿಚರ್ ಹೋಮ್ ಪ್ಲೇಟಿನಿಂದ 50 ಅಡಿ ದೂರ ನಿಲ್ಲುತ್ತಾರೆ. ಕ್ರಿಕೆಟ್ ಪಿಚ್ 66 ಅಡಿ, ಅದಕ್ಕಿಂತ 16 ಅಡಿ ಹತ್ತಿರ. ಈ 50 ಅಡಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚೆಂಡನ್ನು ಕೈ ಕೆಳಗಿನಿಂದ, ಮೇಲಕ್ಕೆ ಕಮಾನಿನ ಹಾಗೆ ಎಸೆಯಬೇಕು. ಕೆನಡಾದಲ್ಲಿ ಸಾಮಾನ್ಯವಾಗಿ ನೆಲದಿಂದ ಕನಿಷ್ಠ 6 ಅಡಿ, ಹೆಚ್ಚೆಂದರೆ 12 ಅಡಿ ಎತ್ತರಕ್ಕೆ ಹೋಗಬೇಕು. ತಗ್ಗಾದರೆ, ತೀರಾ ಎತ್ತರವಾದರೆ, ಅಂಪೈರ್ ಅದನ್ನು ಇಲ್ಲೀಗಲ್ ಎನ್ನುತ್ತಾರೆ. ಹೋಮ್ ಪ್ಲೇಟಿನ ಹಿಂದೆ ಒಂದು ಮ್ಯಾಟ್ ಹಾಸಿರುತ್ತಾರೆ. ನೀವು ಬ್ಯಾಟ್ ಬೀಸದೆ ಬಿಟ್ಟ ಚೆಂಡು ಮ್ಯಾಟಿನ ಮೇಲೆ ಬಿದ್ದರೆ ಸ್ಟ್ರೈಕ್ (ಮೂರು ಸ್ಟ್ರೈಕ್ ಆದರೆ ನೀವು ಔಟ್), ಇಲ್ಲದಿದ್ದರೆ ಬಾಲ್ (ಅದು ನಿಮ್ಮ ಪರವಾದ ಲೆಕ್ಕ). ಮೊಣಕಾಲಿನಿಂದ ಎಷ್ಟು ಮೇಲೆ ಎಂಬ ವಾದವೇ ಇಲ್ಲ. ಹವ್ಯಾಸಿ ಆಟಕ್ಕೆ ಇದೊಂದು ವರ ಅಂತ ನನ್ನ ಅಭಿಪ್ರಾಯ.

ಚೆಂಡಿನ ಹೆಸರಿನಲ್ಲಿ ಸಾಫ್ಟ್ ಇದೆ ಅಂತ ಬರಿಗೈ ಒಡ್ಡಬೇಡಿ. ಸುತ್ತಳತೆ 12 ಇಂಚು, ತೂಕ ಕ್ರಿಕೆಟ್ ಚೆಂಡಿಗಿಂತ ಜಾಸ್ತಿ, 180 ಗ್ರಾಂ ಆಸುಪಾಸು. ಗ್ಲವ್ ಬೇಕೇ ಬೇಕು. ಬಲಗೈಯಲ್ಲಿ ಎಸೆಯುವವರು ಎಡಗೈಗೆ ಹಾಕಿಕೊಳ್ಳುವ ಗ್ಲವ್ ಕೊಳ್ಳಬೇಕು. ಅಂಗಡಿಯಲ್ಲಿ ಇದನ್ನು ಕೇಳಿ ಖಚಿತ ಮಾಡಿಕೊಳ್ಳಿ, ಎಷ್ಟೋ ಜನ ಎಡವುವುದು ಇಲ್ಲೇ. 12.5 ರಿಂದ 14 ಇಂಚಿನದು ಸಾಕು, ಬಳಸಿದ್ದಾದರೂ ಚಿಂತೆ ಇಲ್ಲ. ಹಳೇ ಗ್ಲವ್ ಚೆನ್ನಾಗಿ ಪಳಗಿರುತ್ತದೆ. ಬ್ಯಾಟ್ ಮಾತ್ರ ಮೊದಲ ವರ್ಷ ಕೊಳ್ಳಬೇಡಿ. ಬೇಸ್‌ಬಾಲ್ ಬ್ಯಾಟ್ ನಡೆಯುವುದಿಲ್ಲ, ಯಾವ ಬ್ಯಾಟಿಗೆ ಯಾವ ಮುದ್ರೆ ಇರಬೇಕು ಎಂಬುದು ಲೀಗಿನಿಂದ ಲೀಗಿಗೆ ಬೇರೆ. ಟೀಮಿನ ಬ್ಯಾಟಿನಲ್ಲೇ ಆಡಿ. ಶೂಗೆ ರಬ್ಬರ್ ಮುಳ್ಳು ಇರಲಿ, ಲೋಹದ ಮುಳ್ಳನ್ನು ಹವ್ಯಾಸಿ ಲೀಗುಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ.

ಕ್ರಿಕೆಟ್ ಕೈಗೆ ಕಲಿಸಬೇಕಾದ್ದು

ಬೀದಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರಿಗೆ ಚೆಂಡು ಹೊಡೆಯುವುದು, ಹಿಡಿಯುವುದು ಬೇಗ ಬರುತ್ತದೆ. ಕಷ್ಟವಾಗುವುದು ಓಟ. ಇಲ್ಲಿ ಚೆಂಡು ಫೇರ್ ಆಗಿ ಬಿದ್ದರೆ ಓಡಲೇಬೇಕು, ನಿಂತು ನೋಡುವ ಆಯ್ಕೆ ಇಲ್ಲ. ಫೇರ್ ಜಾಗ ಹೋಮ್ ಪ್ಲೇಟಿನ ಮುಂದಿನ ಕಾಲು ವೃತ್ತ ಮಾತ್ರ. ನಿಮ್ಮ ಮುದ್ದಿನ ಲೇಟ್ ಕಟ್, ಗ್ಲಾನ್ಸ್ ಎರಡೂ ಫೌಲ್. ಎಷ್ಟೋ ಲೀಗುಗಳಲ್ಲಿ ಎರಡು ಸ್ಟ್ರೈಕ್ ಆದ ಮೇಲೆ ಫೌಲ್ ಹೊಡೆದರೆ ಔಟ್. ಆಟ ಬೇಗ ಸಾಗಲಿ ಅಂತ ಹಾಗೆ ಮಾಡಿದ್ದು. ಬಂಟ್, ಅಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು, ಇಲ್ಲ. ಬೇಸ್ ಕದಿಯುವುದು, ಅಂದರೆ ಚೆಂಡು ಹೊಡೆಯದಿದ್ದರೂ ಮುಂದಿನ ಬೇಸಿಗೆ ಓಡುವುದು, ಅದೂ ಇಲ್ಲ.

ಕ್ಯಾಚ್ ವಿಷಯ ಇನ್ನೂ ಮುಖ್ಯ. ನೀವು ಎರಡನೇ ಬೇಸಿನಲ್ಲಿ ಇದ್ದೀರಿ, ನಿಮ್ಮವರು ಆಕಾಶಕ್ಕೆ ಹೊಡೆದರು, ನೀವು ಓಡಿಬಿಟ್ಟಿರಿ, ಅತ್ತ ಕ್ಯಾಚ್ ಹಿಡಿದರು. ಆಗ ವಾಪಸ್ ಬಂದು ನಿಮ್ಮ ಬೇಸ್ ಮುಟ್ಟಬೇಕು. ಅಷ್ಟರೊಳಗೆ ಚೆಂಡು ಅಲ್ಲಿಗೆ ಬಂದರೆ ನೀವೂ ಔಟ್. ಹಾಗಾಗಿ ಎತ್ತರದ ಹೊಡೆತಕ್ಕೆ ಅರ್ಧ ದಾರಿಯಲ್ಲಿ ನಿಂತು ನೋಡಿ, ಆಮೇಲೆ ಓಡಿ.

ಇದಕ್ಕೆ ಹೊಂದಿಕೊಂಡೇ ಇನ್‌ಫೀಲ್ಡ್ ಫ್ಲೈ ನಿಯಮ ಇದೆ. ಮೊದಲ ಮತ್ತು ಎರಡನೇ ಬೇಸಿನಲ್ಲಿ ಓಟಗಾರರಿದ್ದು, ಎರಡು ಔಟ್ ಇನ್ನೂ ಆಗಿಲ್ಲದಿದ್ದಾಗ, ಬೇಸುಗಳ ಹತ್ತಿರ ನಿಂತ ಫೀಲ್ಡರುಗಳು ಸುಲಭವಾಗಿ ಹಿಡಿಯಬಹುದಾದ ಚೆಂಡು ಮೇಲೆ ಹೋದರೆ, ಅದು ಕೆಳಗೆ ಬರುವ ಮೊದಲೇ ಅಂಪೈರ್ ಬ್ಯಾಟರ್ ಔಟ್ ಎನ್ನುತ್ತಾರೆ. ಚೆಂಡು ನೆಲಕ್ಕೆ ಬಿದ್ದರೆ ಬೇಸಿನಲ್ಲಿ ಕಾಯುತ್ತಿದ್ದವರೂ ಮುಂದಕ್ಕೆ ಓಡಲೇಬೇಕು, ಚೆಂಡು ಅವರಿಗಿಂತ ಮೊದಲು ಮುಂದಿನ ಬೇಸಿಗೆ ತಲುಪಿದರೆ ಔಟ್. ಈ ನಿಯಮ ಇಲ್ಲದಿದ್ದರೆ ಫೀಲ್ಡರ್ ಬೇಕೆಂದೇ ಕ್ಯಾಚ್ ಬಿಟ್ಟು ಎರಡು ಔಟ್ ಮಾಡಬಹುದಲ್ವಾ? ಮೂರೂ ಬೇಸ್ ತುಂಬಿದ್ದರೂ ಇದೇ ನಿಯಮ.

ಡಿಕ್ಕಿ ತಪ್ಪಿಸುವ ಗೆರೆಗಳು

ಹೊಸಬರು ಮೊದಲು ಕಲಿಯಬೇಕಾದ್ದು ಇದು. ಮೊದಲ ಬೇಸ್ ಜೋಡಿ ಇರುತ್ತದೆ, ಬಿಳಿ ಒಂದು, ಪಕ್ಕದಲ್ಲಿ ಕಿತ್ತಳೆ ಒಂದು. ಬಿಳಿ ಫೀಲ್ಡರಿಗೆ, ಕಿತ್ತಳೆ ಓಡಿ ಬರುವ ನಿಮಗೆ. ಇಬ್ಬರ ಕಾಲೂ ಒಂದೇ ಜಾಗದಲ್ಲಿ ಬೀಳಬಾರದು ಅಂತ ಈ ವ್ಯವಸ್ಥೆ. ಕಿತ್ತಳೆ ಮುಟ್ಟಿ ಮುಂದಕ್ಕೆ ನೇರ ಓಡಿಹೋಗಬಹುದು, ಅದಕ್ಕೆ ಔಟ್ ಇಲ್ಲ.

ಹೋಮ್ ಪ್ಲೇಟಿನ ಬಳಿ ವ್ಯವಸ್ಥೆ ಇನ್ನೂ ಬಿಗಿ. ಮೂರನೇ ಬೇಸಿನಿಂದ ಹೋಮ್ ಕಡೆಗೆ ಬರುವ ದಾರಿಯಲ್ಲಿ ಅಡ್ಡಲಾಗಿ ಒಂದು ಸುಣ್ಣದ ಗೆರೆ ಇರುತ್ತದೆ. ಕಮಿಟ್ ಲೈನ್ ಅಂತಾರೆ. ನೀವು ಆ ಗೆರೆ ದಾಟಿದಿರಿ ಅಂದ್ರೆ ವಾಪಸ್ ತಿರುಗುವ ಹಾಗಿಲ್ಲ. ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ) ನಿಜವಾದ ಪ್ಲೇಟ್ ಮೇಲೆ ಕಾಲಿಟ್ಟು, ಗ್ಲವ್ ಒಡ್ಡಿ, ಔಟ್‌ಫೀಲ್ಡಿನಿಂದ ಬರುವ ಚೆಂಡನ್ನೇ ನೋಡುತ್ತಾ ನಿಂತಿರುತ್ತಾರೆ, ನಿಮ್ಮನ್ನು ನೋಡುತ್ತಿರುವುದಿಲ್ಲ. ನೀವು ಆ ಪ್ಲೇಟಿಗೆ ಹೋಗಬಾರದು. ನಿಮಗೆ ಅಂತ ಪಕ್ಕದಲ್ಲಿ ಬೇರೆ ಪ್ಲೇಟ್ ಅಥವಾ ಗೆರೆ ಇರುತ್ತದೆ, ಅದನ್ನು ದಾಟಬೇಕು. ಚೆಂಡು ಹಿಡಿದ ಕ್ಯಾಚರ್ ತಮ್ಮ ಪ್ಲೇಟ್ ಮುಟ್ಟಿಕೊಂಡಿದ್ದರೆ ಸಾಕು, ನಿಮ್ಮ ಮೈ ಮುಟ್ಟುವ ಅಗತ್ಯ ಇಲ್ಲ. ನೀವು ಅಭ್ಯಾಸದಂತೆ ಕ್ಯಾಚರ್ ನಿಂತ ಪ್ಲೇಟನ್ನು ತುಳಿದರೆ ನೀವೇ ಔಟ್. ಕ್ರಿಕೆಟ್‌ನಲ್ಲಿ ರನ್‌ಔಟ್ ತಪ್ಪಿಸಲು ಡೈವ್ ಹೊಡೆಯುವವರು ಇಲ್ಲಿ ಆ ಆಸೆ ಬಿಡಿ. ಬೇಕೆಂದೇ ಡಿಕ್ಕಿ ಹೊಡೆದವರನ್ನು ಅಂಪೈರ್ ಆಟದಿಂದ ಹೊರಗೆ ಕಳಿಸುತ್ತಾರೆ, ಲೀಗ್ ಮುಂದಿನ ಪಂದ್ಯಗಳಿಗೂ ಬಿಡದೆ ಇರಬಹುದು.

ಈಗ ಆ 50 ಅಡಿಯ ವಿಷಯ. ಅಮೆರಿಕದ ಸಾಫ್ಟ್‌ಬಾಲ್ ಸಂಸ್ಥೆ ಬ್ಯಾಟುಗಳನ್ನು ಪರೀಕ್ಷಿಸುವಾಗ ಚೆಂಡಿನ ವೇಗಕ್ಕೆ ಇಟ್ಟ ಮಿತಿ ಗಂಟೆಗೆ 98 ಮೈಲಿ, ಅಂದರೆ ಸುಮಾರು 158 ಕಿಲೋಮೀಟರ್. ಆ ವೇಗದಲ್ಲಿ ನೇರ ಬಂದ ಚೆಂಡು ಪಿಚರ್ ಮುಖದ ಹತ್ತಿರ ತಲುಪಲು ಅರ್ಧ ಸೆಕೆಂಡ್ ಕೂಡ ಬೇಡ. ಆದ್ದರಿಂದ ಪಿಚಿಂಗ್ ಮಾಡಿ ಅಂತ ಹೇಳಿದರೆ ಮುಖಕ್ಕೆ ಮಾಸ್ಕ್ ಕೇಳಿ ಹಾಕಿಕೊಳ್ಳಿ. ಲೀಗ್ ಕಡ್ಡಾಯ ಮಾಡದಿದ್ದರೂ ಹಾಕಿಕೊಳ್ಳಿ. ಯಾರಾದರೂ ನಕ್ಕರೆ ನಗಲಿ.

ತಲೆಗೆ ಪೆಟ್ಟು ಬಿದ್ದರೆ ಅವತ್ತಿನ ಆಟ ಮುಗಿಯಿತು. ಒಟ್ಟಾವಾದ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಹುಡುಗಿ ರಗ್ಬಿ ಆಡುವಾಗ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಲೆಗೆ ಪೆಟ್ಟು ಬಿದ್ದು 2013ರಲ್ಲಿ ತೀರಿಕೊಂಡಳು. ಅವಳ ಹೆಸರಿನಲ್ಲಿ ಆಂಟೇರಿಯೋ 2018ರಲ್ಲಿ ರೋವನ್ಸ್ ಲಾ ಎಂಬ ಕಾನೂನು ತಂದಿತು. 26 ವರ್ಷದೊಳಗಿನ ಆಟಗಾರರು ತಲೆಪೆಟ್ಟಿನ ಲಕ್ಷಣಗಳ ಮಾಹಿತಿ ಓದಿದ್ದೇವೆ ಅಂತ ಖಚಿತಪಡಿಸಬೇಕು. ನಮ್ಮ ಲೀಗಿನಲ್ಲಿ ವಯಸ್ಸು ನೋಡದೆ ಎಲ್ಲರೂ ಅದನ್ನು ಓದಬೇಕು ಅಂತ ಇಟ್ಟಿದ್ದೇವೆ. ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ, ಓದಿ. ನಿಮ್ಮ ಮಕ್ಕಳ ಆಟಕ್ಕೂ ಅದು ಬೇಕಾಗುತ್ತದೆ.

ಹೆಂಗಸರು ಗಂಡಸರು ಸೇರಿ ಆಡುವಾಗ

ಇಲ್ಲಿನ ಲೀಗುಗಳಲ್ಲಿ ಬಹಳಷ್ಟು ಮಿಶ್ರ. ಮೈದಾನದಲ್ಲಿ ಇಷ್ಟು ಹೆಂಗಸರು ಇರಲೇಬೇಕು ಅಂತ ನಿಯಮ ಇರುತ್ತದೆ, ಬ್ಯಾಟಿಂಗ್ ಕ್ರಮದಲ್ಲೂ ಇರುತ್ತದೆ. ಗಂಡಸೊಬ್ಬರಿಗೆ ನಾಲ್ಕು ಬಾಲ್ ಎಸೆದು ವಾಕ್, ಅಂದರೆ ಹೊಡೆಯದೆಯೇ ಬೇಸಿಗೆ ಹೋಗುವ ಅವಕಾಶ, ಕೊಟ್ಟರೆ ಅವರಿಗೆ ಎರಡು ಬೇಸ್ ಸಿಗುವುದು ಅನೇಕ ಕಡೆ ಇದೆ. ಜೋರಾಗಿ ಹೊಡೆಯುವವನನ್ನು ಬೇಕೆಂದೇ ನಡೆಸಿ, ಮುಂದೆ ಬರುವ ಹೆಂಗಸನ್ನು ಸುಲಭವಾಗಿ ಔಟ್ ಮಾಡೋಣ ಎಂಬ ಲೆಕ್ಕಾಚಾರ ನಡೆಯಬಾರದು ಅಂತ ಹಾಗೆ. ಕೆಲವು ಕಡೆ ಹೆಂಗಸರು ಬ್ಯಾಟ್ ಮಾಡುವಾಗ ಔಟ್‌ಫೀಲ್ಡರುಗಳು ಒಂದು ಗೆರೆಯಿಂದ ಒಳಗೆ ಬರುವ ಹಾಗಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು. ಮಿಶ್ರ ಟೀಮುಗಳಿಗೆ ಯಾವಾಗಲೂ ಕೊರತೆ ಬೀಳುವುದು ಹೆಂಗಸರದ್ದೇ. ಊರಿನಲ್ಲಿ ಆಡಿ ಅಭ್ಯಾಸ ಇಲ್ಲ ಅಂತ ಹಿಂದೆ ಸರಿಯಬೇಡಿ. ಇಲ್ಲಿ ಮೂವತ್ತೈದು ನಲವತ್ತಕ್ಕೆ ಮೊದಲ ಸಲ ಗ್ಲವ್ ಹಾಕಿಕೊಂಡವರು ಬೇಕಾದಷ್ಟಿದ್ದಾರೆ. ಗಂಡ ಆಡುವಾಗ ಬೆಂಚಿನಲ್ಲಿ ಕೂತು ಮಗು ನೋಡಿಕೊಳ್ಳುವುದೇ ನಿಮ್ಮ ಪಾಲಿಗೆ ಬರಬೇಕಿಲ್ಲ. ಸರದಿ ಹಾಕಿಕೊಳ್ಳಿ.

ಕ್ಯಾಪ್ಟನ್ ಕೆಲಸ

ಎರಡನೇ ವರ್ಷಕ್ಕೆ ನಿಮ್ಮನ್ನೇ ಕ್ಯಾಪ್ಟನ್ ಆಗಿ ಅಂತ ಕೇಳಬಹುದು, ಮೇಲ್‌ಗೆ ತಕ್ಷಣ ಉತ್ತರ ಕೊಡುವ ನಮ್ಮವರ ಗುಣ ಇಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಒಪ್ಪಿಕೊಳ್ಳಿ. ಆದರೆ ಅದು ಮುಖ್ಯವಾಗಿ ಜನ ಸೇರಿಸುವ ಕೆಲಸ ಅಂತ ತಿಳಿದು ಒಪ್ಪಿ. ಎಂಟು ಜನಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ಕಡೆ ಆಡದೆಯೇ ಸೋಲು. ಸೋಲು ಇರಲಿ, ಎದುರು ಟೀಮಿನ ಹನ್ನೆರಡು ಜನ ಕೆಲಸ ಮುಗಿಸಿ, ಮಕ್ಕಳನ್ನು ಎಲ್ಲೋ ಬಿಟ್ಟು, ಟ್ರಾಫಿಕ್ಕಿನಲ್ಲಿ ಬಂದು ಸುಮ್ನೆ ವಾಪಸ್ ಹೋಗಬೇಕಾಗುತ್ತದೆ. ಆದ್ದರಿಂದ ಪಂದ್ಯಕ್ಕೆ ಎರಡು ದಿನ ಮೊದಲೇ ಯಾರು ಬರುತ್ತಾರೆ ಅಂತ ಕೇಳಿ. "ನೋಡೋಣ" ಅಂದವರನ್ನು ಇಲ್ಲ ಅಂತಲೇ ಲೆಕ್ಕ ಹಾಕಿ.

ಬದಲಿ ಆಟಗಾರರನ್ನು ಕರೆಯುವಾಗ ಲೀಗಿನ ಪಟ್ಟಿ ನೋಡಿ. ಫೈನಲ್ ದಿನ ಮಾತ್ರ ಎಲ್ಲಿಂದಲೋ ಭಾರೀ ಆಟಗಾರರನ್ನು ಕರೆತರುವುದು ಲೀಗ್ ಹಾಳಾಗುವ ಮೊದಲ ಹೆಜ್ಜೆ. ಪ್ಲೇಆಫ್‌ಗೆ ಮುಂಚೆ ಪಟ್ಟಿ ಮುಚ್ಚುವುದು, ಇಷ್ಟು ಪಂದ್ಯ ಆಡಿರಲೇಬೇಕು ಅನ್ನುವುದು ಇದಕ್ಕೇ. ಒಂದು ಇನ್ನಿಂಗ್ಸಿಗೆ 5 ರನ್ ಮಿತಿ, ಬೇಲಿ ದಾಟುವ ಹೋಮ್‌ರನ್‌ಗಳ ಮೇಲೆ ಮಿತಿ, ಅಂತರ ತುಂಬಾ ಆದರೆ ಆಟ ನಿಲ್ಲಿಸುವ ಮರ್ಸಿ ರೂಲ್ ಕೂಡ ಹೊಸ ಟೀಮುಗಳು ಎದೆಗುಂದಿ ಬಿಟ್ಟುಹೋಗದಿರಲಿ ಅಂತ.

ಅಂಪೈರ್ ಹತ್ತಿರ ಕ್ಯಾಪ್ಟನ್ ಒಬ್ಬರೇ ಮಾತಾಡಬೇಕು. ನಮ್ಮ ಬೀದಿ ಕ್ರಿಕೆಟ್‌ನಲ್ಲಿ ಹನ್ನೊಂದೂ ಜನ ಸುತ್ತುವರಿದು ಕೂಗುತ್ತಿದ್ದೆವು, ಇಲ್ಲಿ ಹಾಗೆ ಮಾಡಿದರೆ ಹೊರಗೆ ಕಳಿಸುತ್ತಾರೆ. ಔಟ್ ಹೌದೋ ಅಲ್ಲವೋ, ಸ್ಟ್ರೈಕ್ ಹೌದೋ ಅಲ್ಲವೋ, ಇದರ ಮೇಲೆ ದೂರು ಕೊಡುವ ಹಾಗೇ ಇಲ್ಲ. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದಾರೆ ಅನಿಸಿದರೆ ಮುಂದಿನ ಪಿಚ್ ಎಸೆಯುವ ಮೊದಲು, ಸಮಾಧಾನವಾಗಿ ಹೇಳಬೇಕು. ಆಟ ಮುಗಿದ ಮೇಲೆ ಎರಡೂ ಟೀಮಿನವರು ಸಾಲಾಗಿ ನಿಂತು ಕೈ ಮುಟ್ಟಿಸುತ್ತಾರೆ. ಎಷ್ಟೇ ಜಗಳವಾಗಿದ್ದರೂ ಆ ಸಾಲಿನಲ್ಲಿ ನಿಲ್ಲಿ.

ನಮ್ಮದೇ ಲೀಗ್ ಮಾಡೋಣ ಅಂದರೆ

ಕನ್ನಡ ಬಳಗಗಳಲ್ಲಿ ಈ ಮಾತು ಆಗಾಗ ಬರುತ್ತದೆ. ಖಂಡಿತ ಮಾಡಿ. ನಾಲ್ಕು ಟೀಮು ಸಾಕು. ಆದರೆ ಮೈದಾನದ ಪರ್ಮಿಟ್ ಬೇಸಿಗೆಯಲ್ಲಿ ಹೋಗಿ ಕೇಳಿದರೆ ಸಿಗುವುದಿಲ್ಲ, ಚಳಿಗಾಲದಲ್ಲೇ ನಗರಸಭೆಗೆ ಅರ್ಜಿ ಹಾಕಬೇಕು. ಹಳೇ ಲೀಗುಗಳಿಗೆ ಮೊದಲ ಆದ್ಯತೆ, ಆದ್ದರಿಂದ ಮೊದಲ ವರ್ಷ ಸಿಕ್ಕ ದಿನ ಸಿಕ್ಕ ಮೈದಾನ ತೆಗೆದುಕೊಳ್ಳಿ. ವಿಮೆ ಇಲ್ಲದೆ ಪರ್ಮಿಟ್ ಕೊಡುವುದಿಲ್ಲ, ಸಾಮಾನ್ಯವಾಗಿ ಕನಿಷ್ಠ 20 ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆ ಕೇಳುತ್ತಾರೆ. ದೊಡ್ಡ ಸಾಫ್ಟ್‌ಬಾಲ್ ಸಂಸ್ಥೆಯೊಂದಕ್ಕೆ ಲೀಗನ್ನು ನೋಂದಾಯಿಸಿದರೆ ವಿಮೆ, ನಿಯಮಪುಸ್ತಕ, ಅಂಪೈರುಗಳ ದಾರಿ ಒಟ್ಟಿಗೆ ಆಗುತ್ತದೆ.

ನಿಯಮಗಳನ್ನು ಮೊದಲ ಪಂದ್ಯಕ್ಕಿಂತ ಮುಂಚೆ ಬರೆದು ಎಲ್ಲ ಕ್ಯಾಪ್ಟನ್‌ಗಳಿಂದ ಒಪ್ಪಿಗೆ ಪಡೆಯಿರಿ. ನಾವೆಲ್ಲ ಸ್ನೇಹಿತರೇ ತಾನೇ, ಬರೆಯೋದು ಯಾಕೆ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಸ್ನೇಹ ಉಳಿಯಬೇಕು ಅಂತಲೇ ಬರೆಯಬೇಕು. ಮಳೆ ಬಂದರೆ ಎಷ್ಟು ಗಂಟೆಯೊಳಗೆ ಯಾರು ತೀರ್ಮಾನ ಹೇಳಬೇಕು, ತಡವಾದರೆ ಎಷ್ಟು ನಿಮಿಷ ಕಾಯಬೇಕು, ಸಮಾನ ಅಂಕ ಬಂದರೆ ಏನು, ಹಣ ವಾಪಸ್ ಯಾವಾಗ, ಇಷ್ಟು ಬರೆದಿದ್ದರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ. ಗುಡುಗು ಕೇಳಿದರೆ ಆಟ ನಿಲ್ಲಬೇಕು, ಕೊನೆಯ ಗುಡುಗಿನಿಂದ 30 ನಿಮಿಷ ಎಲ್ಲರೂ ಕಾರಿನಲ್ಲಿ ಕೂರಬೇಕು. ಇದಕ್ಕೆ ಮತ ಹಾಕಿಸಬೇಡಿ. ಒದ್ದೆ ಮೈದಾನದಲ್ಲಿ ಆಡಿ ನೆಲ ಕಿತ್ತುಹಾಕಿದರೆ ನಗರಸಭೆ ಪರ್ಮಿಟ್ ಕಿತ್ತುಕೊಳ್ಳಬಹುದು. ಬಿಯರ್ ವಿಷಯದಲ್ಲೂ ಪರ್ಮಿಟ್ಟಿನಲ್ಲಿ ಬರೆದದ್ದನ್ನು ಓದಿ, ಪಕ್ಕದ ಟೀಮಿನವರು ಕುಡಿಯುತ್ತಿದ್ದಾರೆ ಅಂತ ನೀವು ಶುರು ಮಾಡಬೇಡಿ.

ಸದ್ಯಕ್ಕೆ ಟೀಮೇ ಇಲ್ಲದವರು ಲೀಗಿಗೆ ಒಬ್ಬರೇ ಹೆಸರು ಕೊಡಬಹುದು, ಜನ ಕಡಿಮೆ ಇರುವ ಟೀಮಿಗೆ ಅವರೇ ಸೇರಿಸುತ್ತಾರೆ. ಹೆಸರು ಕೊಡುವ ಕಾಲ ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್. ಅರ್ಜಿಯಲ್ಲಿ ಅನುಭವ ಕೇಳಿದ ಕಡೆ ಹೊಸಬ ಅಂತಲೇ ಬರೆಯಿರಿ, ಕ್ರಿಕೆಟ್ ಆಡಿದ್ದೇನೆ ಅಂತ ಪಕ್ಕದಲ್ಲಿ ಸೇರಿಸಿ. ಕೆಳಗಿನ ವಿಭಾಗದಲ್ಲಿ ಶುರು ಮಾಡುವುದು ಒಳ್ಳೆಯದು, ಅಲ್ಲಿ ಕಲಿಸುವ ತಾಳ್ಮೆ ಇರುವವರು ಸಿಗುತ್ತಾರೆ. ಮೊದಲ ದಿನ ಅರ್ಧ ಗಂಟೆ ಮುಂಚೆ ಹೋಗಿ, ಯಾರ ಜೊತೆಗಾದರೂ ಚೆಂಡು ಎಸೆದು ಹಿಡಿದು ಕೈ ಬಿಸಿ ಮಾಡಿಕೊಳ್ಳಿ, ಕಮಿಟ್ ಲೈನ್ ಎಲ್ಲಿದೆ ತೋರಿಸಿ ಅಂತ ಕ್ಯಾಪ್ಟನ್‌ಗೆ ಕೇಳಿ.