ಫೆಬ್ರವರಿಯ ಗದ್ದೆ, ಜುಲೈನ ಗದ್ದೆ: ಕೊಡಗಿನ ಬಯಲುಗಳ ನಕ್ಷೆ ಮಾಡಿದ ಅನುಭವ

ನಾಪೋಕ್ಲು ಕಡೆ ಗದ್ದೆ ಎಷ್ಟು ಕಮ್ಮಿಯಾಗಿದೆ ಅಂತ ಯಾರನ್ನು ಕೇಳಿದರೂ "ಅರ್ಧಕ್ಕರ್ಧ ಹೋಯ್ತು" ಅಂತಾರೆ. ಇರಬಹುದು. ಆದರೆ ಯಾವ ಬಯಲು ಹೋಯ್ತು, ಯಾವಾಗ ಹೋಯ್ತು, ತೋಟ ಆಯ್ತಾ ಪಾಳು ಬಿತ್ತಾ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಅದಕ್ಕೇ ಉಪಗ್ರಹ ಚಿತ್ರ ಇಳಿಸಿಕೊಂಡು ನಾನೇ ಕೂತೆ. ಕೆಲಸವೆಲ್ಲ ಕ್ಯೂಜಿಐಎಸ್ ಅನ್ನುವ ನಕ್ಷೆ ಮಾಡುವ ತಂತ್ರಾಂಶದಲ್ಲಿ, ಅದು ಪುಕ್ಕಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳೂ 2008ರಿಂದ ಪುಕ್ಕಟೆ ಸಿಗುತ್ತವೆ.

ಮೊದಲು ತೀರ್ಮಾನ ಮಾಡಬೇಕಾದದ್ದು ತಿಂಗಳು. ಕುಮಟಾ ಕಡೆ ಅಘನಾಶಿನಿ ಹೊಳೆಯ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ಗದ್ದೆ), ಉಪ್ಪುನೀರಿನ ಜೌಗು ಇವುಗಳ ನಕ್ಷೆ ಮಾಡುವ ಗೆಳೆಯರೊಬ್ಬರು ಚಿತ್ರ ಆರಿಸುವಾಗ ಮೊದಲು ನೋಡುವುದು ಉಬ್ಬರ ಇಳಿತದ ಹೊತ್ತನ್ನು. ಉಬ್ಬರದಲ್ಲಿ ತೆಗೆದ ಚಿತ್ರದಲ್ಲಿ ಜೌಗಿನ ಗಿಡ ನೀರಿನಡಿ ಹೋಗಿರುತ್ತದೆ, ಇಳಿತದಲ್ಲಿ ಮತ್ತೆ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು "ಜೌಗು ನಾಶ" ಅಂದರೆ ಅದು ಸುಳ್ಳೇ ಅಲ್ವಾ? ನಮ್ಮಲ್ಲಿ ಸಮುದ್ರ ಇಲ್ಲ, ಆದರೆ ಆ ಕೆಲಸವನ್ನು ಮಳೆ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮೇಲೆ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನಾಟಿ ನಡೆಯುವುದೂ ಅದೇ ಸಮಯದಲ್ಲಿ.

ಹಾಗಾಗಿ ಜನವರಿ ಕೊನೆಯಿಂದ ಫೆಬ್ರವರಿವರೆಗಿನ ಚಿತ್ರಗಳನ್ನೇ ಹಿಡಿದೆ. ಕೊಯ್ಲು ಮುಗಿದಿರುತ್ತದೆ, ಕೂಳೆ ಒಣಗಿ ಬಯಲು ಬಿಳಿಚಿಕೊಂಡಿರುತ್ತದೆ. ಸುತ್ತಲಿನ ಕಾಫಿ ತೋಟ ಮಾತ್ರ ನೆರಳಿನ ಮರಗಳ ಜೊತೆ ಕಪ್ಪು ಹಸಿರು. ಗಿಡದ ಹಸಿರು ಅಳೆಯುವ ಎನ್‌ಡಿವಿಐ ಲೆಕ್ಕ ಹಾಕಿದರೆ ಗದ್ದೆಯ ಅಂಚು ಗೆರೆ ಎಳೆದ ಹಾಗೆ ಬರುತ್ತದೆ. ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದ ಮೇಲಿನ ಚಿತ್ರ ಬೇಡ. ಎರಡು ಮಳೆಗೆ ಗದ್ದೆಯಲ್ಲಿ ಹುಲ್ಲು ಎದ್ದು ಎಲ್ಲಾ ಕಲಸಿಹೋಗುತ್ತದೆ. ಲ್ಯಾಂಡ್‌ಸ್ಯಾಟ್ 7ರ ಚಿತ್ರಗಳನ್ನು 2003ರ ಮೇ ನಂತರ ಮುಟ್ಟಲಿಲ್ಲ. ಅದರ ಒಂದು ಭಾಗ ಕೆಟ್ಟು ಚಿತ್ರದಲ್ಲಿ ಪಟ್ಟೆ ಪಟ್ಟೆ ಖಾಲಿ ಬರುತ್ತದೆ. ಲ್ಯಾಂಡ್‌ಸ್ಯಾಟ್ 5 ಇದೆ, 1984ರಿಂದ 2011ರವರೆಗೆ ಅದೇ ಸಾಕು.

ಅಡಿಕೆ ಹಾಕಿದ ಗದ್ದೆ ಫೆಬ್ರವರಿಯಲ್ಲಿ ಹಸಿರಾಗೇ ಇರುತ್ತದೆ, ಸುಲಭವಾಗಿ ಸಿಕ್ಕಿಬೀಳುತ್ತದೆ. ಶುಂಠಿ ಹಾಗಲ್ಲ. ಅದನ್ನು ಕಿತ್ತು ಮುಗಿಸಿರುತ್ತಾರೆ, ಬರೀ ಮಣ್ಣು. ಮೇಲಿಂದ ನೋಡಿದರೆ ಭತ್ತ ಕೊಯ್ದ ಗದ್ದೆಗೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ. ಇಲ್ಲಿ ಕೈಹಿಡಿದದ್ದು ಯುರೋಪಿನ ಸೆಂಟಿನೆಲ್-1 ಉಪಗ್ರಹ. ಅದು ರಾಡಾರ್, ಮೋಡ ದಾಟಿ ನೋಡುತ್ತದೆ. ಜುಲೈನಲ್ಲಿ ನಾಟಿಗೆ ನೀರು ಕಟ್ಟಿದ ಗದ್ದೆ ಅದರಲ್ಲಿ ಕಡುಕಪ್ಪಾಗಿ ಕಾಣುತ್ತದೆ, ಯಾಕೆಂದರೆ ನಿಂತ ನೀರಿಗೆ ಬಡಿದ ರಾಡಾರ್ ಅಲೆ ವಾಪಸ್ ಬರದೆ ಆಚೆ ಜಾರಿಹೋಗುತ್ತದೆ. ಶುಂಠಿಗೆ ನೀರು ನಿಂತರೆ ಕೊಳೆರೋಗ, ಅದಕ್ಕೇ ಮಡಿ ಎತ್ತರಿಸಿ ಕಾಲುವೆ ತೆಗೆದಿರುತ್ತಾರೆ, ಅದು ಕಪ್ಪಾಗುವುದಿಲ್ಲ. ಫೆಬ್ರವರಿಯಲ್ಲಿ ಬಿಳಿಚಿದ್ದು, ಜುಲೈನಲ್ಲಿ ಕಪ್ಪಾದದ್ದು: ಎರಡೂ ಆದರೆ ಮಾತ್ರ ಭತ್ತದ ಗದ್ದೆ. ಕಡಿದಾದ ಬೆಟ್ಟದ ಮಗ್ಗುಲಲ್ಲಿ ರಾಡಾರ್‌ಗೂ ನೆರಳು ಬೀಳುತ್ತದೆ, ಕಕ್ಕಬ್ಬೆ ಕಡೆಯ ಸಣ್ಣ ಕಣಿವೆಗಳಲ್ಲಿ ಅದನ್ನು ನಂಬಲಿಲ್ಲ. ಅಲ್ಲದೆ ಈ ಉಪಗ್ರಹ ಹಾರಿದ್ದೇ 2014ರಲ್ಲಿ. ಅದಕ್ಕೂ ಹಿಂದಿನ ವರ್ಷಗಳಿಗೆ ಶುಂಠಿ, ಭತ್ತ ಬೇರೆ ಮಾಡುವ ಹಟ ಬಿಟ್ಟು ಎರಡನ್ನೂ "ತೆರೆದ ಬಯಲು" ಅಂತ ಒಂದೇ ಗುಂಪಿಗೆ ಹಾಕಿದೆ. ಗೊತ್ತಿಲ್ಲದ್ದಕ್ಕೆ ಬಣ್ಣ ಬಳಿಯುವುದಕ್ಕಿಂತ ಅದು ವಾಸಿ.

ಇನ್ನು ಅಂಚಿನ ತಕರಾರು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚೌಕ (ಪಿಕ್ಸೆಲ್) ಉದ್ದಗಲ 30 ಮೀಟರ್, ಅಂದರೆ ಒಂದು ಎಕರೆಗೆ ನಾಲ್ಕೂವರೆ ಚೌಕ ಅಷ್ಟೆ. ತೋಟಗಳ ಮಧ್ಯೆ ನುಗ್ಗಿದ ಕಿರಿದಾದ ಗದ್ದೆಯಲ್ಲಿ ಎರಡೂ ಕಡೆಯ ಚೌಕಗಳು ಅರ್ಧ ಗದ್ದೆ, ಅರ್ಧ ಮರದ ನೆರಳು. ಅವು ಒಂದು ವರ್ಷ ಗದ್ದೆ, ಇನ್ನೊಂದು ವರ್ಷ ತೋಟ ಅಂತ ಆಟ ಆಡಿಸುತ್ತವೆ. ಮೂರು ವರ್ಷ ಸತತವಾಗಿ ಹಾಗೇ ಕಂಡರೆ ಮಾತ್ರ ಬದಲಾವಣೆ ಅಂತ ಬರೆದುಕೊಂಡೆ. ಸೆಂಟಿನೆಲ್-2 ರಾಡಾರ್ ಅಲ್ಲ, ಲ್ಯಾಂಡ್‌ಸ್ಯಾಟ್‌ನಂತೆ ಬೆಳಕಿನಲ್ಲಿ ಚಿತ್ರ ತೆಗೆಯುವ ಉಪಗ್ರಹ; ಅದರ ಚೌಕ 10 ಮೀಟರ್, ನೋಡಲು ಚೆಂದ. ಆದರೆ ಅದನ್ನು ನೇರ ಹಳೆಯದರ ಪಕ್ಕ ಇಟ್ಟರೆ ಗದ್ದೆಯ ಅಂಚು ಸುಮ್ನೆ ಬದಲಾದ ಹಾಗೆ ಕಾಣುತ್ತದೆ, ಹೊಸದನ್ನೇ 30 ಮೀಟರಿಗೆ ಇಳಿಸಿ ಹೋಲಿಸಬೇಕು. ಸರ್ವೆ ಆಫ್ ಇಂಡಿಯಾದ ಹಳೆ ನಕ್ಷೆಯಲ್ಲಂತೂ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. ಅದರ ಎವರೆಸ್ಟ್ ಲೆಕ್ಕವನ್ನು (ಭೂಮಿಯ ಆಕಾರ ಹಿಡಿದು ಜಾಗ ಗುರುತಿಸುವ ಹಳೆ ಪದ್ಧತಿ) ಇಂದಿನ ಜಿಪಿಎಸ್ ಲೆಕ್ಕಕ್ಕೆ ತಾರದೆ ಹೊದಿಸಿದರೆ ಗದ್ದೆ ಪಕ್ಕದ ಗುಡ್ಡ ಹತ್ತಿ ಕೂರುತ್ತದೆ. ಜೋಡಿಸಲು ಸೇತುವೆ, ರಸ್ತೆ ಕೂಡುವ ಜಾಗ ಹಿಡಿದೆ. ಹೊಳೆಯ ತಿರುವು ಹಿಡಿಯಬೇಡಿ, ಹೊಳೆ ಸರಿಯುತ್ತದೆ.

ಕೊನೆಗೆ ಕಾಲಲ್ಲಿ ನಡೆದೇ ನೋಡಬೇಕು. ಒಂದು ಅಡಿಕೆ ತೋಟದೊಳಗೆ ಹಳೆ ಗದ್ದೆಯ ಏರಿಗಳು ಹಾಗೇ ಇದ್ದವು, ಅವನ್ನು ಅಡ್ಡಡ್ಡ ಸೀಳಿ ಬಸಿಗಾಲುವೆ ತೋಡಿದ್ದರು, ಬೇಸಿಗೆಯಲ್ಲೂ ತಳದಲ್ಲಿ ಜಿನುಗು. ಪಹಣಿಯಲ್ಲಿ ಮಾತ್ರ ಅದು ಇವತ್ತಿಗೂ ತರಿ, ಅಂದರೆ ಗದ್ದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಣ್ಣು ತುಂಬಿದ ಗದ್ದೆಗಳಿಗೆ ಬೇರೆಯೇ ಬಣ್ಣ ಕೊಟ್ಟೆ, ಅವನ್ನು ಯಾರೂ ಬೇಕೆಂದು ಬಿಟ್ಟದ್ದಲ್ಲ.

ಜಾಸ್ತಿ ಜಗಳ ಆದದ್ದು ಪಾಳಿನ ಬಗ್ಗೆ. ನಕ್ಷೆಯಲ್ಲಿ "ಹೋದ ಗದ್ದೆ" ಅಂತ ಕೆಂಪು ಹಚ್ಚಿದ ಜಾಗ ತೋರಿಸಿದಾಗ ಅದರ ಯಜಮಾನರು, "ಹೋಗಿದೆ ಅಂದವರಾರು ಮಗ? ಆಳು ಸಿಗಲಿಲ್ಲ, ನಾಟಿ ಮಾಡಿಲ್ಲ. ಏರಿ ಕಟ್ಟಿದರೆ ಈ ಮಳೆಗೇ ನೀರು ನಿಲ್ಲುತ್ತೆ" ಅಂದರು. ಮನೆಗೆ ಬಂದು ಕೆಂಪನ್ನು ಎರಡು ಮಾಡಿದೆ: ಮರ ನಿಂತದ್ದು ಒಂದು, ಬರೀ ಹುಲ್ಲು ಬೆಳೆದದ್ದು ಇನ್ನೊಂದು. ಎರಡನೆಯದನ್ನು ಕಳೆದುಹೋದ ಗದ್ದೆಯ ಮೊತ್ತಕ್ಕೆ ಸೇರಿಸದೆ ಪಕ್ಕದಲ್ಲಿ ಬೇರೆ ಬರೆದಿದ್ದೇನೆ.